ಬಟ್ಟೆಯ ಮಾಡಿನ ಕಾರು

ದೀಪಾವಳಿಯ ಹಿಂದಿನ ವಾರ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಸಮೀಪದ ನನ್ನ ಸೋದರತ್ತೆಯ ಮನೆಗೆ ಶೋರೂಮಿನವರು ಟೆಸ್ಟ್ ಡ್ರೈವಿಗಾಗಿ ಒಂದು ಹೊಸ ಬಿಎಂಡಬ್ಲ್ಯು ಝಡ್4 ಕಾರನ್ನು ಕಳುಹಿಸಿದ್ದರು. ಮನೆಗೆ ಎಂದು ಹೇಳಿದರೂ ಕಾರು ಅಂಗಳದವರೆಗೆ ಬರಲಿಲ್ಲ. ಡಾಂಬರು ರಸ್ತೆಯಿಂದ ತೋಟಕ್ಕೆ ಇಳಿಯುವ ಓಣಿಯಲ್ಲಿ, ತೋಡಿಗೆ ಮೋರಿ ಹಾಕಿದ ಕಡೆ, ದಾರಿ ಆನೆಯ ಬೆನ್ನಿನಂತೆ ಉಬ್ಬಿಕೊಂಡಿದೆ. ಕಾರು ತಂದ ಯುವಕ ಅಲ್ಲಿ ಇಳಿದು, ಬಗ್ಗಿ ನೋಡಿ, ಇದನ್ನು ದಾಟಿಸುವುದು ಬೇಡವೆಂದು ನಿರ್ಧರಿಸಿದ. ಹಾಗಾಗಿ ಎಂಬತ್ತನಾಲ್ಕು ವರ್ಷದ ಅತ್ತೆಯೇ ಕೋಲೂರಿಕೊಂಡು ಓಣಿಯ ತುದಿಯವರೆಗೆ ನಡೆದು ಬಂದು, ಕಾರಿಗೆ ಒಂದು ಸುತ್ತು ಹಾಕಿ, ಕಪ್ಪು ಮಾಡಿನ (ಚಾವಣಿಯ) ಮೇಲೆ ಅಂಗೈಯಿಟ್ಟು ಕೇಳಿದರು: "ಇಷ್ಟು ದುಡ್ಡು ಕೊಟ್ಟು ತೆಗೆಯುವ ಕಾರಿಗೆ ಬಟ್ಟೆಯ ಮಾಡಾ? ಆಟಿಯ ಮಳೆಗೆ ಇದು ತಡೆಯುತ್ತದಾ ಮಗಾ?"

ಆಟಿ ಎಂದರೆ ನಮ್ಮ ಕಡೆಯ ಜೋರು ಮಳೆಗಾಲದ ತಿಂಗಳು. ಆ ಮಧ್ಯಾಹ್ನ ನಾನು ಮಾಡಿದ ಪರೀಕ್ಷೆಯೆಲ್ಲ ಈ ಪ್ರಶ್ನೆಯ ಬೆನ್ನು ಹತ್ತಿಯೇ ನಡೆಯಿತು.

ಕಾರು ಬೇಕಾಗಿದ್ದುದು ಅತ್ತೆಯ ಮಗನಿಗೆ, ಅಂದರೆ ನಾನು ಭಾವ ಎಂದು ಕರೆಯುವವರಿಗೆ. ಅವರು ಇಪ್ಪತ್ತೇಳು ವರ್ಷ ದುಬೈಯಲ್ಲಿ ದುಡಿದು, ಎರಡು ವರ್ಷಗಳ ಹಿಂದೆ ಊರಿಗೆ ಮರಳಿ, ತಂದೆಯ ಅಡಿಕೆ ತೋಟವನ್ನು ವಹಿಸಿಕೊಂಡಿದ್ದಾರೆ. ಮಾಡು ತೆರೆಯುವ ಕಾರೊಂದು ತನ್ನದಾಗಬೇಕೆಂಬ ಆಸೆ ಅವರಿಗೆ ಹರೆಯದಿಂದಲೂ ಇತ್ತು. ಮನೆ ಕಟ್ಟಿಸಿ, ಮಕ್ಕಳ ಓದು ಮುಗಿಸಿದ ಮೇಲಷ್ಟೇ ಅದನ್ನು ಬಾಯಿಬಿಟ್ಟು ಹೇಳಿದರು. ಪಾಲಿಟೆಕ್ನಿಕಿನ ಆಟೋಮೊಬೈಲ್ ವಿಭಾಗದಲ್ಲಿ ಕಲಿಸಿ ನಿವೃತ್ತನಾದ ನನ್ನನ್ನು ಕರೆಸಿ, "ಚಂದ ಉಂಟೆಂದು ನನಗೂ ಕಾಣುತ್ತದೆ ಭಾವ. ನಮ್ಮ ಊರಿಗೆ ಆದೀತೋ ಎಂಬುದನ್ನು ಮಾತ್ರ ನೀವು ಹೇಳಬೇಕು" ಎಂದರು.

ಕಾರು ಎಂ40ಐ ಮಾದರಿಯದು. ಶೋರೂಮಿನ ಬೆಲೆಯೇ ಆಗ ಸುಮಾರು 90 ಲಕ್ಷ ರೂಪಾಯಿ ಇತ್ತು. ಕೇರಳದಲ್ಲಿ ಇಷ್ಟು ಬೆಲೆಯ ಕಾರಿಗೆ ರಸ್ತೆ ತೆರಿಗೆಯು ಬೆಲೆಯ ಐದನೆಯ ಒಂದು ಭಾಗವನ್ನೂ ಮೀರುತ್ತದೆ. ಹಣದ ವಿಚಾರವನ್ನು ಭಾವ ಆಗಲೇ ತೀರ್ಮಾನಿಸಿಕೊಂಡಿದ್ದರಿಂದ ನಾನು ಅದರ ಬಗ್ಗೆ ಮಾತೆತ್ತಲಿಲ್ಲ.

ಬಟ್ಟೆಯ ಮಾಡು ಅಗ್ಗದ ಕಾರಣಕ್ಕೆ ಬಂದದ್ದಲ್ಲ. 2009ರಲ್ಲಿ ಬಂದ ಹಿಂದಿನ ತಲೆಮಾರಿನ ಝಡ್4ಕ್ಕೆ ಲೋಹದ ಮಾಡೇ ಇತ್ತು. ಅದು ಮಡಚಿಕೊಂಡು ಡಿಕ್ಕಿಯೊಳಗೆ ಇಳಿಯುತ್ತಿತ್ತು. ಮಾಡು ಮುಚ್ಚಿದ್ದಾಗ 310 ಲೀಟರ್ ಇದ್ದ ಡಿಕ್ಕಿಯ ಜಾಗ, ಮಾಡು ತೆರೆದಾಗ 180 ಲೀಟರಿಗೆ ಕುಗ್ಗುತ್ತಿತ್ತು. ಆ ಭಾರವನ್ನು ಎತ್ತಿ ಇಳಿಸಲು ಯಂತ್ರಕ್ಕೆ ಹೆಚ್ಚು ಹೊತ್ತೂ ಬೇಕಿತ್ತು. 2018ರಲ್ಲಿ ಹೊರಬಂದ ಈ ಕಾರಿನ ತಲೆಮಾರಿನಲ್ಲಿ ಕಂಪನಿ ಮತ್ತೆ ಬಟ್ಟೆಗೆ ಮರಳಿತು. ಈಗ ಮಾಡು ತೆರೆದರೂ ಮುಚ್ಚಿದರೂ ಡಿಕ್ಕಿಯಲ್ಲಿ 281 ಲೀಟರ್ ಜಾಗ ಉಳಿಯುತ್ತದೆ, ಮೇಲುಭಾಗದ ತೂಕ ಇಳಿದಿದೆ, ಮತ್ತು ಇಡೀ ಕೆಲಸ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಗಂಟೆಗೆ 50 ಕಿಲೋಮೀಟರಿನವರೆಗಿನ ವೇಗದಲ್ಲಿ ಕಾರು ಓಡುತ್ತಿರುವಾಗಲೇ ಇದನ್ನು ಮಾಡಬಹುದು. ಅಂಗಳ ತುಂಬ ಅಡಿಕೆ ಹರಡಿದ ಮೇಲೆ ಮೂಡಣದಲ್ಲಿ ಗುಡುಗು ಕೇಳಿ ಟಾರ್ಪಾಲು ಹಿಡಿದು ಓಡಿದವರಿಗೆ ಆ ಹತ್ತು ಸೆಕೆಂಡಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಮಾಡಿಲ್ಲದ ಕಾರಿನ ನಿಜವಾದ ಕಷ್ಟ ಮಳೆಯಲ್ಲ, ತಿರುಚುವಿಕೆ. ಇದನ್ನು ತರಗತಿಯಲ್ಲಿ ನಾನು ಬಿದಿರಿನಿಂದ ತೋರಿಸುತ್ತಿದ್ದೆ. ಇಡೀ ಬಿದಿರಿನ ತುಂಡನ್ನು ಎರಡು ಕೈಗಳಲ್ಲಿ ಹಿಡಿದು ತಿರುಚಲು ಎಷ್ಟು ಬಲ ಹಾಕಿದರೂ ಆಗುವುದಿಲ್ಲ. ಅದನ್ನೇ ಉದ್ದಕ್ಕೆ ಸೀಳಿ ದಂಬೆಯಂತೆ ಮಾಡಿದರೆ ಮಕ್ಕಳ ಕೈಯಲ್ಲೂ ತಿರುಚಿಕೊಳ್ಳುತ್ತದೆ. ಮಾಡಿರುವ ಕಾರು ಇಡೀ ಬಿದಿರು, ಮಾಡು ತೆಗೆದ ಕಾರು ದಂಬೆ. ಕಳೆದುಹೋದ ಆ ಗಟ್ಟಿತನವನ್ನು ಬಾಗಿಲಿನ ಕೆಳಗಿನ ಪಟ್ಟಿಗಳಲ್ಲಿ, ನೆಲದ ಅಡ್ಡಪಟ್ಟಿಗಳಲ್ಲಿ, ಮುಂಗಾಜಿನ ಚೌಕಟ್ಟಿನಲ್ಲಿ ಉಕ್ಕನ್ನು ಹೆಚ್ಚಿಸಿ ಮರಳಿ ಪಡೆಯಬೇಕಾಗುತ್ತದೆ. ಅದು ಸಾಲದೆ ಹೋದರೆ ಗುಂಡಿಗೆ ಚಕ್ರ ಇಳಿದಾಗ ಮುಂಗಾಜಿನ ಚೌಕಟ್ಟು ನಡುಗುತ್ತದೆ, ಕನ್ನಡಿಯಲ್ಲಿ ಹಿಂದಿನ ರಸ್ತೆ ಕದಲುತ್ತದೆ. ಇದೇ ತಳಹದಿಯ ಮೇಲೆ ಟೊಯೋಟಾದವರು ತಮ್ಮ ಸುಪ್ರಾ ಕಾರನ್ನು ಕಟ್ಟಿದರು, ಆದರೆ ಮಾಡನ್ನು ಬೆಸೆದೇ ಇಟ್ಟರು. ಎರಡೂ ಕಾರುಗಳು ತಯಾರಾದದ್ದು ಆಸ್ಟ್ರಿಯಾದ ಗ್ರಾಝ್ ನಗರದ ಮ್ಯಾಗ್ನಾ ಸ್ಟೈಯರ್ ಕಾರ್ಖಾನೆಯಲ್ಲಿ.

ಬೇಳದ ಇಗರ್ಜಿಯನ್ನು ದಾಟಿ ಸೀತಾಂಗೋಳಿಯ ಪದವು (ಎತ್ತರದ ಬಯಲು) ಏರುವವರೆಗೆ ನಾನು ಮಾಡು ತೆರೆದೇ ಓಡಿಸಿದೆ, ಭಾವ ಪಕ್ಕದಲ್ಲಿ ಕುಳಿತರು. ರಸ್ತೆಯ ಅಂಚು ಕಿತ್ತುಹೋದ ಒಂದು ಕಡೆ ಬೇಕೆಂದೇ ಎಡಚಕ್ರವನ್ನು ಇಳಿಸಿ ಕನ್ನಡಿಯನ್ನು ನೋಡಿದೆ. ಹೊಡೆತ ಸೊಂಟಕ್ಕೆ ತಾಗಿತು, ಏಕೆಂದರೆ 19 ಅಂಗುಲದ ಚಕ್ರಗಳ ಟಯರಿಗೆ ದಪ್ಪವೇ ಇಲ್ಲ. ಆದರೆ ಕನ್ನಡಿಯಲ್ಲಿನ ಚಿತ್ರ ಕದಲಲಿಲ್ಲ. ಅಷ್ಟರಮಟ್ಟಿಗೆ ಈ ಕಾರಿನ ಮೈಕಟ್ಟನ್ನು ನಾನು ಮನಸಾರೆ ಮೆಚ್ಚಿದೆ.

ಎಂಜಿನ್ 3 ಲೀಟರಿನದು, ಆರು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿವೆ, ಶಕ್ತಿ 340 ಅಶ್ವಬಲ. ಹೀಗೆ ಸಾಲಾಗಿ ನಿಂತ ಆರು ಪಿಸ್ಟನ್‌ಗಳಲ್ಲಿ ಒಂದರ ಏರಿಳಿತದ ಬಲವನ್ನು ಇನ್ನೊಂದರ ಬಲ ರದ್ದು ಮಾಡುವುದರಿಂದ ಯಂತ್ರ ಸ್ವಭಾವತಃ ನಡುಗುವುದಿಲ್ಲ. 500 ನ್ಯೂಟನ್ ಮೀಟರ್ ತಿರುಚುಬಲ ನಿಮಿಷಕ್ಕೆ 1600 ಸುತ್ತುಗಳಲ್ಲೇ ಪೂರ್ತಿಯಾಗಿ ಸಿಗುವುದರಿಂದ, ಪದವಿನ ಏರಿನಲ್ಲಿ ಮುಂದಿದ್ದ ಬಸ್ಸನ್ನು ದಾಟಲು ಬಲಗಾಲನ್ನು ಸ್ವಲ್ಪ ಒತ್ತಿದ್ದೇ ಸಾಕಾಯಿತು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ನಾಲ್ಕೂವರೆ ಸೆಕೆಂಡ್ ಎಂದು ಕಂಪನಿ ಹೇಳುತ್ತದೆ. ಶಾಲೆ ಬಿಟ್ಟ ಮಕ್ಕಳು ನಡೆಯುವ ಆ ರಸ್ತೆಯಲ್ಲಿ ಅದನ್ನು ಅಳೆಯುವುದು ತಪ್ಪು, ನಾನು ಅಳೆಯಲಿಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಗಂಟೆಗೆ ನಲವತ್ತರ ವೇಗದಲ್ಲಿ, ಯಾವುದೋ ಮನೆಯ ರಬ್ಬರ್ ಹೊಗೆಗೂಡಿನ ವಾಸನೆ, ಮುಂದೆ ಸುಲಿದ ಅಡಿಕೆ ಸಿಪ್ಪೆಯ ಹುಳಿ ವಾಸನೆ, ಪದವು ಏರಿದ ಕೂಡಲೇ ಒಣಗತೊಡಗಿದ ಮುಳಿಹುಲ್ಲಿನ ವಾಸನೆ ಒಂದರ ಹಿಂದೆ ಒಂದು ಬಂದವು. ಐವತ್ತು ವರ್ಷಗಳಿಂದ ನಾನು ಓಡಾಡುತ್ತಿರುವ ಈ ರಸ್ತೆಯನ್ನು ಕಾರಿನಲ್ಲಿ ಕುಳಿತು ಮೂಗಿನಿಂದ ಗುರುತಿಸಿದ್ದು ಅದೇ ಮೊದಲು. ಭಾವ ಮಾತಾಡಲಿಲ್ಲ, ಕಂಗಿನ (ಅಡಿಕೆ ಮರದ) ತಲೆಗಳನ್ನು ನೋಡುತ್ತ ಕುಳಿತಿದ್ದರು.

ಸೀತಾಂಗೋಳಿ ಪೇಟೆ ದಾಟುವಾಗ ಮೊದಲ ಹನಿ ಬಿತ್ತು. ಘಟ್ಟದ ಮೇಲೆ ಕಟ್ಟಿದ ಗುಡುಗುಮಳೆ ಈ ದಿನಗಳಲ್ಲಿ ಸಂಜೆಯ ಹೊತ್ತಿಗೆ ಪಡುವಣಕ್ಕೆ ಇಳಿದು ಬರುತ್ತದೆ, ಬಂದರೆ ತಡಮಾಡುವುದಿಲ್ಲ. ಮೂವತ್ತೈದರ ವೇಗದಲ್ಲಿದ್ದಾಗಲೇ ಗುಂಡಿ ಒತ್ತಿದೆ. ಹಿಂದಿನಿಂದ ಎದ್ದ ಮಾಡು ತಲೆಯ ಮೇಲೆ ಹಾದು ಮುಂಗಾಜಿನ ಅಂಚಿಗೆ ಕೂತುಕೊಂಡಿತು. ನಮ್ಮ ಅಂಗಿಯ ಮೇಲೆ ಎಣಿಸಿ ಹೇಳಬಹುದಾದಷ್ಟು ಹನಿಗಳಿದ್ದವು. ಮರುಕ್ಷಣ ಜಡಿಮಳೆ. ರಸ್ತೆಯ ಬದಿಗೆ ನಿಲ್ಲಿಸಿ ಮುಂಗಾಜು, ಕಿಟಕಿಗಾಜು ಮತ್ತು ಬಟ್ಟೆ ಸೇರುವ ಮೂಲೆಗಳನ್ನು, ಹಿಂಗಾಜಿನ ಸುತ್ತಲಿನ ಅಂಚನ್ನು ಬೆರಳಾಡಿಸಿ ನೋಡಿದೆ. ಎಲ್ಲಿಯೂ ತೇವವಿರಲಿಲ್ಲ. ಬಟ್ಟೆ ಒಂದೇ ಪದರದ್ದಲ್ಲ, ನಡುವೆ ಶಾಖವನ್ನೂ ಸದ್ದನ್ನೂ ತಡೆಯುವ ಪದರವಿದೆ. ಹಾಗಾಗಿ ತಗಡಿನ ಮಾಡಿನ ಆರ್ಭಟವಿಲ್ಲದೆ, ಸೋಗೆ ಹೊದಿಸಿದ ಹಳೆಯ ಕೊಟ್ಟಿಗೆಯೊಳಗೆ ನಿಂತಂತೆ ಮಳೆಯ ಸದ್ದು ಮಂದವಾಗಿ ಕೇಳುತ್ತಿತ್ತು.

ಮಳೆ ಕುಂಬಳೆಯನ್ನು ಮುಟ್ಟಿರಲಿಲ್ಲ. ಒಣಗಿದ್ದ ಆರು ಪಥದ ಹೆದ್ದಾರಿಯಲ್ಲಿ ಉಪ್ಪಳದವರೆಗೆ ಹೋಗಿ ಬಂದೆವು. ಅಲ್ಲಿ ಕಾರು ನೆಲಕ್ಕೆ ಅಂಟಿಕೊಂಡು ಸ್ಥಿರವಾಗಿ ಓಡಿತು ಎಂಬುದಕ್ಕಿಂತ ಹೆಚ್ಚು ಹೇಳಲಿಕ್ಕಿಲ್ಲ. ಮಾಡು ಮುಚ್ಚಿದಾಗ ಹಿಂದಿನ ಓರೆ ನೋಟ ಬಹಳ ಕಡಿಮೆ. ಎಡಗಡೆಯಿಂದ ನುಗ್ಗಿದ ಲಾರಿಯೊಂದು ಕನ್ನಡಿಗೆ ಬರುವವರೆಗೆ ನನಗೆ ಕಾಣಲೇ ಇಲ್ಲ, ಇದನ್ನು ಭಾವನಿಗೆ ಎರಡು ಸಲ ಹೇಳಿದೆ. ಗಾಳಿಗೆ ಬಟ್ಟೆ ಪೂರ್ತಿ ಆರಿದ ಮೇಲಷ್ಟೇ ಮತ್ತೆ ಮಾಡು ತೆರೆದೆ. ನಮ್ಮ ಕಡೆ ಇದು ಮುಖ್ಯ: ಒದ್ದೆ ಬಟ್ಟೆಯನ್ನು ಮಡಚಿಟ್ಟರೆ, ಸರಿಯಾಗಿ ಒಣಗದ ಅಡಿಕೆಗೆ ಹಿಡಿಯುವಂತೆಯೇ ಬೂಸ್ಟು ಹಿಡಿಯುತ್ತದೆ. ಮಾಡಿನ ಬುಡದಲ್ಲಿ ನೀರು ಇಳಿದುಹೋಗುವ ಕಾಲುವೆಗಳಿಗೆ ತರಗೆಲೆ ಕಟ್ಟಿದರೆ ನೀರು ಒಳಗೆ ತಿರುಗುತ್ತದೆ. ಆದ್ದರಿಂದ ಮನೆಯ ಮುಂದಿನ ಹಲಸಿನ ಮರದ ಬುಡದಲ್ಲಿ ಈ ಕಾರನ್ನು ನಿಲ್ಲಿಸಲೇಬಾರದು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಮಾಡು ತೆರೆಯಲು ದಕ್ಕುವುದು ಹೆಚ್ಚೆಂದರೆ ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗು ಸಂಜೆಗಳು. ಮಾರ್ಚ್ ಬಂದರೆ ಬೆಳಗಿನ ಒಂಬತ್ತರ ಬಿಸಿಲೇ ನೆತ್ತಿ ಸುಡುತ್ತದೆ. ಆ ನಾಲ್ಕು ತಿಂಗಳು ಸಾಕೇ ಎಂದು ಕೇಳಿದೆ. "ಇಪ್ಪತ್ತೇಳು ವರ್ಷ ಕಾದವನಿಗೆ ನಾಲ್ಕು ತಿಂಗಳು ಧಾರಾಳ" ಎಂದರು ಭಾವ.

ಓಣಿಯ ಬಾಯಿಗೆ ಬಂದಾಗ ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. ಕಾರಿನೊಳಗೆ ಕೂರಿಸಿ, ಮಾಡು ಮುಚ್ಚಿ, ಒಳಗಿನಿಂದ ಮುಟ್ಟಿ ನೋಡಲು ಹೇಳಿದೆ. ಸೀಟಿನಿಂದ ಮೂಲೆಯವರೆಗೆ ಅಂಗೈಯಾಡಿಸಿ, "ಒಣಗಿಯೇ ಉಂಟು" ಎಂದರು. ಮಳೆ ಎಷ್ಟು ಹೊತ್ತು ಬಂತೆಂದು ಕೇಳಿ, ಕಾಲು ಗಂಟೆ ಎಂದಾಗ, "ಕಾಲು ಗಂಟೆಯ ಮಳೆ ಆಟಿಯ ಮಳೆಯಲ್ಲ" ಎಂದೂ ಸೇರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು. ಕೊಟ್ಟಿಗೆಯ ಪಕ್ಕದಲ್ಲಿ ಹಂಚಿನ ಶೆಡ್ಡು ಕಟ್ಟಿಸದೆ ಕಾರನ್ನು ಮಳೆಗಾಲಕ್ಕೆ ಒಡ್ಡಬಾರದೆಂದು ನಾನು ಭಾವನಿಗೆ ಅಲ್ಲಿಯೇ ಹೇಳಿದೆ.

ಉಳಿದದ್ದು ಮೋರಿಯ ಉಬ್ಬು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2470 ಮಿಲಿಮೀಟರ್, ಕಾರಿನ ಹೊಟ್ಟೆ ನೆಲದಿಂದ ಇರುವ ಎತ್ತರ ಸುಮಾರು 114 ಮಿಲಿಮೀಟರ್. ಲೆಕ್ಕ ಹಾಕಿದರೆ, ಉಬ್ಬಿನ ನೆತ್ತಿ ಚೂಪಾಗಿದ್ದಲ್ಲಿ, ಏರಿನ ಮತ್ತು ಇಳಿತದ ಕೋನಗಳು ಕೂಡಿ ಹತ್ತೂವರೆ ಡಿಗ್ರಿ ಮೀರಿದಾಗ ಹೊಟ್ಟೆ ತಾಗುತ್ತದೆ. ಇಬ್ಬರು ಕುಳಿತರೆ ಇನ್ನೂ ಬೇಗ. ಮರುದಿನ ಬೆಳಿಗ್ಗೆ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆ ಹಿಡಿದು ಮಟ್ಟ ಅಳೆದೆವು. ರಸ್ತೆಯ ಕಡೆ ಮೀಟರಿಗೆ 12 ಸೆಂಟಿಮೀಟರ್ ಏರು, ಮನೆಯ ಕಡೆ 14 ಸೆಂಟಿಮೀಟರ್ ಇಳಿತ, ಎರಡೂ ಸೇರಿ ಹದಿನೈದು ಡಿಗ್ರಿಯ ಹತ್ತಿರ. ಎರಡೂ ಬದಿಗೆ ಮುರಕಲ್ಲು ಕಟ್ಟಿ, ಮಣ್ಣು ತುಂಬಿ, ಏರಿಳಿತವನ್ನು ಮೀಟರಿಗೆ ಆರು ಸೆಂಟಿಮೀಟರಿಗೆ ತಂದರೆ ಕಾರು ಸಲೀಸಾಗಿ ದಾಟುತ್ತದೆ. ಅಡಿಕೆ ಕೊಯ್ಲಿನ ಮೊದಲ ಸುತ್ತು ಮುಗಿದ ಕೂಡಲೇ ಕೆಲಸ ಹಿಡಿಯುವುದೆಂದು ಭಾವ ನಿಶ್ಚಯಿಸಿದ್ದಾರೆ. ಎರಡು ಲೋಡು ಕಲ್ಲು ಓಣಿಯ ಬಾಯಲ್ಲಿ ಬಂದು ಬಿದ್ದಿದೆ. ಕಾರಿಗೆ ಮುಂಗಡ ಕೊಡುವುದು ಮೋರಿಯ ಕೆಲಸ ಮುಗಿದ ಮೇಲೆ.