ಗಾಡಿ ಗಟ್ಟಿ ಇದೆಯಾ ಮಾರಾಯ?

ಎಲೆಕ್ಟ್ರಿಕ್ ಎಸ್‌ಯುವಿ ಮನೆಗೆ ಬಂದು ಎಂಟು ತಿಂಗಳಾಯಿತು. ಒಂಬತ್ತು ಸಾವಿರದ ಚಿಲ್ಲರೆ ಕಿಲೋಮೀಟರ್ ಓಡಿದೆ. ನೋಡಲು ಬಂದವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಬಾಗಿಲ ಮೇಲೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಅಂತ ಬಡಿಯುವುದು. ಆಮೇಲೆ ಕೇಳುವುದು: "ಗಟ್ಟಿ ಇದೆಯಾ ಮಾರಾಯ?" ಎಷ್ಟು ಕಿಲೋಮೀಟರ್ ಬರುತ್ತೆ ಅನ್ನುವುದು ಎರಡನೇ ಪ್ರಶ್ನೆ.

ಪ್ರತಿ ಸಲ "ಹೂಂ, ಗಟ್ಟಿ ಇದೆ" ಅಂದು ಮುಗಿಸುತ್ತಿದ್ದೆ. ಆದರೆ ಹಾಗೆ ಹೇಳುವಾಗಲೆಲ್ಲ ಪೂರ್ತಿ ನಿಜ ಹೇಳಿದ ಸಮಾಧಾನ ಇರುತ್ತಿರಲಿಲ್ಲ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ನನ್ನದು ಒಂದೇ ಗಾಡಿ, ಅದೂ ಆ ಮಾಡೆಲ್ ಮಾರುಕಟ್ಟೆಗೆ ಬಂದ ಮೊದಲ ಕೆಲವು ತಿಂಗಳಲ್ಲಿ ತೆಗೆದುಕೊಂಡಿದ್ದು. ಇನ್ನೊಬ್ಬರ ಗಾಡಿ ಬೇರೆ ಥರ ಇರಬಹುದು. ನಾವಿರುವುದು ಶಿವಮೊಗ್ಗದಲ್ಲಿ, ತೋಟದ ಮನೆ ತೀರ್ಥಹಳ್ಳಿ ಕಡೆ. ಗಾಡಿ ಬಂದದ್ದು ಮೇ ತಿಂಗಳಲ್ಲಿ. ಮಲೆನಾಡಿನ ಒಂದು ಇಡೀ ಮಳೆಗಾಲ ಕಂಡಿದೆ ಅಂದ ಮೇಲೆ ಸ್ವಲ್ಪ ಮಾತಾಡುವ ಹಕ್ಕು ಬಂದಿದೆ ಅಂದುಕೊಂಡಿದ್ದೇನೆ.

ಮೊದಲು ಆ ಟಕ್ ಟಕ್ ವಿಷಯ. ನಮ್ಮ ಮಾವ ಇದರಲ್ಲಿ ಎಕ್ಸ್‌ಪರ್ಟ್. ಅವರ ಕಾಲದ ಅಂಬಾಸಿಡರ್ ಬಾಗಿಲು ಹಾಕಿದರೆ ಪಕ್ಕದ ಬೀದಿಗೆ ಕೇಳುತ್ತಿತ್ತಂತೆ. ನಮ್ಮ ಗಾಡಿಯ ಬಾಗಿಲು ಬಡಿದು, "ತಗಡು ತೆಳು ಕಣೋ" ಅಂದರು. ತೆಳುವೇ ಹೌದು. ಆದರೆ ಹೊರಗಿನ ತಗಡು ಗಾಡಿಯ ಚರ್ಮ ಅಷ್ಟೇ. ಮೂಳೆ ಇರುವುದು ಒಳಗೆ: ಕಂಬಗಳಲ್ಲಿ, ಬಾಗಿಲೊಳಗಿನ ಅಡ್ಡಪಟ್ಟಿಯಲ್ಲಿ, ಬ್ಯಾಟರಿಯ ಸುತ್ತ ಕಟ್ಟಿದ ಚೌಕಟ್ಟಿನಲ್ಲಿ. ಅದನ್ನು ಗೆಣ್ಣಿನಿಂದ ಬಡಿದು ಅಳೆಯಲಾಗುವುದಿಲ್ಲ. ಗುದ್ದಿಸಿಯೇ ನೋಡಬೇಕು. ಗಾಡಿಗಳು ಎಷ್ಟು ಸುರಕ್ಷಿತ ಅಂತ ಪರೀಕ್ಷಿಸಲು 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಅನ್ನುವ ಸರ್ಕಾರಿ ವ್ಯವಸ್ಥೆ ಮಾಡುವುದು ಅದನ್ನೇ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಗಾಡಿಯ ಮುಂಭಾಗದ 40% ಅಗಲವನ್ನು ತಡೆಗೋಡೆಗೆ ಗುದ್ದಿಸುತ್ತಾರೆ. ಪಕ್ಕದಿಂದಲೂ ಗುದ್ದಿಸುತ್ತಾರೆ. ಒಳಗೆ ಕೂರಿಸಿದ ಗೊಂಬೆಗೆ ಎಷ್ಟು ಪೆಟ್ಟಾಯಿತು ಅಂತ ನೋಡಿ ನಕ್ಷತ್ರ ಕೊಡುತ್ತಾರೆ. ನಮ್ಮ ಗಾಡಿಗೆ ಐದಕ್ಕೆ ಐದು ನಕ್ಷತ್ರ ಇದೆ. ಹಾಗಾಗಿ ಮಾವನ ಪ್ರಶ್ನೆಗೆ ಉತ್ತರ: ಗಟ್ಟಿ ಇದೆ. ಆ ವಿಷಯದಲ್ಲಿ ನನಗೆ ಚಿಂತೆಯಿಲ್ಲ.

ಈ ಎಂಟು ತಿಂಗಳಲ್ಲಿ ನನಗೆ ತಲೆನೋವು ಕೊಟ್ಟಿದ್ದೆಲ್ಲ ಯಾರೂ ಬಡಿದು ನೋಡದ ಜಾಗಗಳು.

ಡೆಲಿವರಿಗೆ ಎರಡು ದಿನ ಮೊದಲು ಯಾರ್ಡಿಗೆ ಹೋಗಿ ಗಾಡಿ ನೋಡಿ ಬಂದಿದ್ದೆ. ಇದನ್ನು ಎಲ್ಲರೂ ಮಾಡಬೇಕು. ಹಾರ ಹಾಕಿ, ಕೇಕ್ ಕತ್ತರಿಸಿ, ಫೋಟೋ ತೆಗೆಯುವ ದಿನ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಬಾನೆಟ್ ಮತ್ತು ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ನಡುವಿನ ಸಂದು ಎಡಗಡೆ ಕಿರುಬೆರಳಿನ ಉಗುರು ಹೋಗುವಷ್ಟು, ಬಲಗಡೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಹಿಂದಿನ ಡಿಕ್ಕಿ ಬಾಗಿಲು ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ವಾಲಿತ್ತು. ಹಿಂದಿನ ಬಂಪರ್ ಕೆಳಗೆ ಪೇಂಟ್ ಒಂದು ಕಡೆ ಇಳಿದು ಹನಿ ಕಟ್ಟಿತ್ತು. ಸೇಲ್ಸ್ ಹುಡುಗ, "ಸರ್, ಇದೆಲ್ಲ ನಾರ್ಮಲ್" ಅಂದ. ಇಪ್ಪತ್ತು ಲಕ್ಷದ ಮೇಲೆ ಎಣಿಸಿಕೊಡುವಾಗ ಆ ಮಾತು ಕಿವಿಗೆ ಹಿತವಾಗಿರಲಿಲ್ಲ. ಬಾನೆಟ್, ಡಿಕ್ಕಿ ಎರಡನ್ನೂ ಸರಿ ಮಾಡಿ ಕೊಟ್ಟರು. ಹಿಂಜ್ ಸಡಿಲಿಸಿ ಕೂರಿಸಿದರೆ ಆಯಿತು, ಅರ್ಧ ಗಂಟೆಯ ಕೆಲಸ. ಪೇಂಟ್ ಹನಿ ಇನ್ನೂ ಹಾಗೇ ಇದೆ. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ, ಸುಮ್ನೆ ಬಿಟ್ಟಿದ್ದೇನೆ.

ಇನ್ನು ಸದ್ದು. ಪೆಟ್ರೋಲ್, ಡೀಸೆಲ್ ಗಾಡಿಯಿಂದ ಬಂದವರಿಗೆ ಈ ವಿಷಯ ಯಾರೂ ಮೊದಲೇ ಹೇಳಿರುವುದಿಲ್ಲ. ಹಳೆ ಗಾಡಿಯಲ್ಲೂ ಡ್ಯಾಶ್‌ಬೋರ್ಡ್ ಕಿರುಗುಟ್ಟುತ್ತಿತ್ತು, ಎಂಜಿನ್ ಸದ್ದಿನ ಅಡಿ ಅದು ಮುಚ್ಚಿಹೋಗುತ್ತಿತ್ತು. ಇಲ್ಲಿ ಎಂಜಿನ್ನೇ ಇಲ್ಲ. ಇಡೀ ಗಾಡಿ ಮಧ್ಯಾಹ್ನದ ಲೈಬ್ರರಿ ಥರ ಇರುತ್ತದೆ. ಅದರಲ್ಲಿ ಎಲ್ಲೋ ಒಂದು ಪ್ಲಾಸ್ಟಿಕ್ ಕ್ಲಿಪ್ 'ಕಿರ್' ಅಂದರೆ ತಲೆಯೊಳಗೇ ಅಂದ ಹಾಗೆ ಕೇಳುತ್ತದೆ.

ನಮ್ಮ ಗಾಡಿಯಲ್ಲಿ ಮೂರು ಸದ್ದು ಇದ್ದವು. ಒಂದು, ಎಡಗಡೆ ಎ.ಸಿ. ಕಿಂಡಿಯ ಹತ್ತಿರ ಕಿರ್ ಕಿರ್. ಎರಡು, ಹಿಂದಿನ ಸೀಟಿನ ಕೊಂಡಿಯ ಹತ್ತಿರ ಟಿಕ್ ಟಿಕ್. ಮೂರನೆಯದು ತಿರುವಿನಲ್ಲಿ ಮಾತ್ರ ಬರುವ 'ಕಿಣಿ' ಅನ್ನುವ ಸದ್ದು. ಮೊದಲೆರಡಕ್ಕೆ ಸರ್ವಿಸ್ ಸೆಂಟರ್‌ನವರು ಪ್ಲಾಸ್ಟಿಕ್ ಬಿಚ್ಚಿ ಒಳಗೆ ಫೆಲ್ಟ್ ಟೇಪ್ ಅಂಟಿಸಿದರು. ಟಿಕ್ ಟಿಕ್ ಹೋಯಿತು. ಕಿರ್ ಕಿರ್ ಒಂದು ತಿಂಗಳು ಹೋಗಿ ವಾಪಸ್ ಬಂತು. ಮೂರನೆಯದಕ್ಕೆ ಎರಡು ಸಲ ಗಾಡಿ ಬಿಟ್ಟೆ. ಸಸ್ಪೆನ್ಷನ್ ನೋಡಿದರು, ಸ್ಟೀರಿಂಗ್ ನೋಡಿದರು, ಟೆಸ್ಟ್ ಡ್ರೈವ್ ಅಂತ ಊರೆಲ್ಲ ಸುತ್ತಿದರು. ಕೊನೆಗೆ ಕಂಡುಹಿಡಿದಿದ್ದು ನನ್ನ ಮಗಳು. ಗಾಡಿ ಪೂಜೆಯ ದಿನ ಕಾಣಿಕೆಗೆ ಇಟ್ಟ ಒಂದು ರೂಪಾಯಿ ನಾಣ್ಯ ಸೀಟಿನ ಹಳಿಗೆ ಜಾರಿ, ಪ್ರತಿ ತಿರುವಿಗೂ ಉರುಳುತ್ತಿತ್ತು. ಇದನ್ನು ಸರ್ವಿಸ್ ಸೆಂಟರ್‌ಗೆ ಇನ್ನೂ ಹೇಳಿಲ್ಲ.

ಜೂನ್ ಬಂತು, ಮಳೆ ಹಿಡಿಯಿತು. ನಮ್ಮ ಕಡೆ ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಬರುತ್ತದೆ. ಹಾಗಾಗಿ ಡಿಕ್ಕಿಯಿಂದ ಮುಗ್ಗಲು ವಾಸನೆ ಬಂದಾಗ ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಕಾರ್ಪೆಟ್ ಎತ್ತಿ ನೋಡಿದರೆ ಒಂದು ಲೋಟದಷ್ಟು ನೀರು. ಸರ್ವಿಸ್ ಸೆಂಟರ್‌ನಲ್ಲಿ ಸಿಕ್ಕ ಉತ್ತರ: "ಒದ್ದೆ ಛತ್ರಿ ಇಟ್ಟಿರಬೇಕು ಸರ್." ಮನೆಗೆ ಬಂದು ಮಗಳ ಸೀಮೆಸುಣ್ಣ ತೆಗೆದುಕೊಂಡು ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆಲ್ಲ ಉಜ್ಜಿ ಬಾಗಿಲು ಹಾಕಿ ತೆಗೆದೆ. ರಬ್ಬರ್ ಸರಿಯಾಗಿ ಒತ್ತಿದ ಕಡೆ ಬಾಗಿಲಿಗೆ ಬಿಳಿ ಗೆರೆ ಅಂಟುತ್ತದೆ. ಬಲ ಮೂಲೆಯಲ್ಲಿ ನಾಲ್ಕು ಬೆರಳಗಲ ಗೆರೆಯೇ ಇರಲಿಲ್ಲ. ಫೋಟೋ ತೆಗೆದು ತೋರಿಸಿದ ಮೇಲೆ ಒಂದು ಮಾತೂ ಆಡದೆ ಬೀಡಿಂಗ್ ಬದಲಾಯಿಸಿದರು. ನೀವು ಯಾವ ಗಾಡಿ ಕೊಂಡರೂ ಈ ಸೀಮೆಸುಣ್ಣದ ಉಪಾಯ ಇಟ್ಟುಕೊಳ್ಳಿ.

ನೀರು ಅಂದ ತಕ್ಷಣ ಜನ ಬ್ಯಾಟರಿಗೆ ಹೆದರುತ್ತಾರೆ. ಬ್ಯಾಟರಿ ಪೆಟ್ಟಿಗೆಗೆ ಸಾಮಾನ್ಯವಾಗಿ ಐಪಿ67 ಗುರುತು ಇರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ನೀರು ಹೋಗಬಾರದು ಅಂತ ಅದರ ಅರ್ಥ. ತೋಟದ ದಾರಿಯಲ್ಲಿ ಹಳ್ಳ ಉಕ್ಕಿದಾಗ ಮೊಣಕಾಲಿನ ಅರ್ಧದಷ್ಟು ನೀರು ದಾಟಿದ್ದೇನೆ, ಏನೂ ಆಗಲಿಲ್ಲ. ಹಾಗಂತ ತುಂಬಿ ಹರಿಯುವ ಹಳ್ಳಕ್ಕೆ ಇಳಿಸಿ ನೋಡಬೇಡಿ. ಬ್ಯಾಟರಿ ಒದ್ದೆಯಾಗದಿದ್ದರೂ ಗಾಡಿ ತೇಲಿಹೋಗುವುದಕ್ಕೆ ಐಪಿ67 ಅಡ್ಡ ಬರುವುದಿಲ್ಲ.

ಈಗ ದೊಡ್ಡ ಕಥೆ. ಆಗಸ್ಟ್‌ನಲ್ಲಿ ಒಂಬತ್ತು ದಿನ ಗಾಡಿಯನ್ನು ತೋಟದ ಮನೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದಿದ್ದೆವು. ವಾಪಸ್ ಹೋದರೆ ಗಾಡಿ ಸತ್ತುಬಿದ್ದಿದೆ. ಬಿಟ್ಟು ಹೋದಾಗ 78% ಚಾರ್ಜ್ ಇತ್ತು. ಕೀ ಒತ್ತಿದರೆ ಉಸಿರಿಲ್ಲ. ಬಾಗಿಲಿನ ಹ್ಯಾಂಡಲ್ ಬೇರೆ ಒಳಗೆ ಅಡಗಿಕೊಳ್ಳುವ ಜಾತಿಯದು, ಹೊರಗೇ ಬರಲಿಲ್ಲ. ಹೆಂಡತಿ, "ಮೊಬೈಲ್ ಥರ ಸ್ವಿಚ್ ಆಫ್ ಆಗಿದೆಯಾ?" ಅಂದಳು. ಹೆಚ್ಚು ಕಡಿಮೆ ಆಗಿದ್ದೂ ಅದೇ.

ಎಲೆಕ್ಟ್ರಿಕ್ ಗಾಡಿಯಲ್ಲಿ ಎರಡು ಬ್ಯಾಟರಿ ಇರುತ್ತವೆ. ಓಡಿಸುವ ದೊಡ್ಡದು ಒಂದು. ಹಳೆ ಗಾಡಿಗಳಲ್ಲಿದ್ದಂಥದೇ 12 ವೋಲ್ಟಿನ ಪುಟ್ಟದು ಇನ್ನೊಂದು. ಬಾಗಿಲ ಲಾಕ್, ಪರದೆ, ಗಾಡಿಯ ಕಂಪ್ಯೂಟರ್ ಎಲ್ಲ ಈ ಪುಟ್ಟದರ ಮೇಲೆ ನಡೆಯುತ್ತವೆ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚನ್ನು ಎಳೆಯುವುದೂ ಇದೇ. ಪುಟ್ಟದು ಖಾಲಿಯಾದರೆ ದೊಡ್ಡದರಲ್ಲಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಕಣಜ ತುಂಬಾ ಭತ್ತ, ಬೀಗದ ಕೈ ಕಳೆದುಹೋಗಿದೆ ಅನ್ನುವ ಹಾಗೆ. ಗಾಡಿ ನಿಂತಿದ್ದಾಗಲೂ ದೊಡ್ಡದು ಆಗಾಗ ಎದ್ದು ಪುಟ್ಟದಕ್ಕೆ ಚಾರ್ಜ್ ಕೊಡಬೇಕು. ನಮ್ಮ ಗಾಡಿಯ ಸಾಫ್ಟ್‌ವೇರ್ ಆ ಕೆಲಸ ಮರೆತಿತ್ತು. ನಾನು ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದ ಡ್ಯಾಶ್‌ಕ್ಯಾಮ್ (ರಸ್ತೆ ಚಿತ್ರೀಕರಿಸುವ ಕ್ಯಾಮೆರಾ) ಕೂಡ ಹಗಲು ರಾತ್ರಿ ಕರೆಂಟ್ ಹೀರುತ್ತಿತ್ತು. ತಪ್ಪು ಇಬ್ಬರದೂ ಅನ್ನಿ.

ಸಹಾಯವಾಣಿಯವರು ಮೂರು ಗಂಟೆ ಆಗುತ್ತೆ ಅಂದರು. ಅಷ್ಟರಲ್ಲಿ ಪಕ್ಕದ ತೋಟಕ್ಕೆ ಗೊಬ್ಬರ ಇಳಿಸಲು ಬಂದಿದ್ದ ಪಿಕಪ್‌ನ ಹುಡುಗ ಬಂದ. ರಿಮೋಟ್ ಒಳಗೆ ಅಡಗಿರುವ ಪುಟ್ಟ ಕೀಯಿಂದ ಬಾಗಿಲು ತೆಗೆದು, ಬಾನೆಟ್ ಎತ್ತಿ, ಮ್ಯಾನ್ಯುಯಲ್‌ನಲ್ಲಿ ಇದ್ದ ಹಾಗೇ ಕೇಬಲ್ ಹಾಕಿದೆವು. ಪರದೆ ಹೊತ್ತಿಕೊಂಡಿತು. ಹುಡುಗ ಒಂದು ನಿಮಿಷ ಸುಮ್ಮನಿದ್ದು, "ಅಣ್ಣಾ, ಕೊನೆಗೂ ಡೀಸೆಲ್ಲೇ ಬೇಕಾಯ್ತಲ್ಲ" ಅಂದ. ಈ ಮಾತು ಈಗ ನಮ್ಮ ನೆಂಟರಲ್ಲೆಲ್ಲ ಓಡಾಡುತ್ತಿದೆ.

ಮುಂದೆ ಬಂದ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಪುಟ್ಟ ಬ್ಯಾಟರಿಯ ಆ ತೊಂದರೆ ಸರಿಹೋಯಿತು. ಪರದೆಯ ಕಾಟ ಮಾತ್ರ ಪೂರ್ತಿ ಹೋಗಿಲ್ಲ. ರಿವರ್ಸ್ ಹಾಕಿದಾಗ ಕ್ಯಾಮೆರಾ ಬದಲು ಕಪ್ಪು ಪರದೆ ಬಂದದ್ದು ಐದಾರು ಸಲ. ಎ.ಸಿ. ಕೂಡ ಪರದೆಯೊಳಗೇ ಸೇರಿಸಿದ್ದಾರೆ, ಅದಕ್ಕೆ ನನ್ನ ತಕರಾರಿದೆ. ಘಾಟಿಯಲ್ಲಿ ಗಾಜಿಗೆ ಮಂಜು ಹಿಡಿದಾಗ ಕೈಗೆ ಒಂದು ಗುಬುಟು ಸಿಗಬೇಕು. ಪರದೆಯಲ್ಲಿ ಹುಡುಕುತ್ತಾ ಕೂರಲಾಗುತ್ತದಾ? ಹೊಸ ಗಾಡಿ ಡಿಸೈನ್ ಮಾಡುವವರನ್ನು ಜುಲೈನಲ್ಲಿ ಒಂದು ಸಲ ಆಗುಂಬೆ ಘಾಟಿ ಇಳಿಸಬೇಕು.

ಘಾಟಿ ಅಂದಾಗ ಇನ್ನೊಂದು ಮಾತು. ಇಳಿಯುವಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುತ್ತದೆ. ಹತ್ತುವಾಗ 8-9% ಖರ್ಚಾಗಿದ್ದು, ಇಳಿಯುವಾಗ 2-3% ವಾಪಸ್ ಬಂತು. ಬ್ರೇಕ್ ಮುಟ್ಟುವ ಕೆಲಸವೇ ಕಡಿಮೆ. ಆದರೆ ಘಾಟಿಯ ಮೇಲಿನ ಊರಲ್ಲಿ 100% ಚಾರ್ಜ್ ಮಾಡಿಕೊಂಡು ಹೊರಡಬೇಡಿ. ತುಂಬಿದ ಕೊಡಕ್ಕೆ ಎಲ್ಲಿಂದ ನೀರು ಹಾಕುತ್ತೀರಿ? ಮೋಟಾರಿನ ಹಿಡಿತ ಕಡಿಮೆಯಾಗಿ, ಕಾಲು ಬ್ರೇಕ್ ಮೇಲೇ ಇರಬೇಕಾಗುತ್ತದೆ. ಒಂದು ಸಲ ಗೊತ್ತಿಲ್ಲದೆ ಹಾಗೆ ಇಳಿದು ಎರಡನೇ ತಿರುವಿನಲ್ಲಿ ಬೆವರಿದ್ದೇನೆ.

ಸ್ಟೆಪ್ನಿ ಇಲ್ಲ. ಪಂಕ್ಚರ್ ಕಿಟ್ ಅಂತ ಒಂದು ಬಾಟಲಿ ಅಂಟು, ಪುಟ್ಟ ಪಂಪು ಕೊಟ್ಟಿದ್ದಾರೆ. ಮೊಳೆ ಚುಚ್ಚಿದರೆ ಸಾಕಾಗಬಹುದು, ಕಲ್ಲು ತಾಗಿ ಟೈರಿನ ಪಕ್ಕೆ ಹರಿದರೆ ಅದರಿಂದ ಏನೂ ಆಗದು. ಬೇರೆ ಟೈರ್ ಕೊಂಡು ಡಿಕ್ಕಿಯಲ್ಲಿ ಹಾಕಿಕೊಂಡೆ. ಡಿಕ್ಕಿ ಅರ್ಧ ಹೋಯಿತು.

ಬಿಲ್ಡ್ ಕ್ವಾಲಿಟಿ, ಅಂದರೆ ಕಟ್ಟಿದ ಗುಣಮಟ್ಟದ ವಿಷಯದಲ್ಲಿ ಗಾಡಿಗಿಂತ ಮೊದಲು ಮಾನ ಹೋಗಿದ್ದು ನಮ್ಮ ಮನೆಯದು. ಚಾರ್ಜರ್ ಹಾಕಿದ ದಿನ ಕೆಂಪು ದೀಪ ಹೊತ್ತಿ ಚಾರ್ಜ್ ಆಗಲೇ ಇಲ್ಲ. ಮನೆಗೆ ಅರ್ಥಿಂಗ್ ಸರಿಯಿಲ್ಲ ಅಂತ ಗಾಡಿ ಹೇಳುವವರೆಗೆ ನಮಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಗೀಸರ್, ಮಿಕ್ಸಿ ಎಲ್ಲ ಹಾಗೇ ನಡೆದಿತ್ತು! ಎಲೆಕ್ಟ್ರಿಷಿಯನ್ ಹಿತ್ತಿಲಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿದ. 7.2 ಕಿಲೋವ್ಯಾಟ್ ಚಾರ್ಜರ್ ಒಂದೇ 30 ಆಂಪಿಯರ್ ಮೇಲೆ ಎಳೆಯುತ್ತದೆ, ಅದಕ್ಕೆ ಕರೆಂಟ್ ಕಂಪನಿ ಮೆಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕಾಯಿತು. ಅಮ್ಮ ಈಗ ತುಳಸಿಗೆ ನೀರು ಹಾಕಿದ ಮೇಲೆ ಅರ್ಥಿಂಗ್ ಗುಂಡಿಗೂ ಒಂದು ಚೊಂಬು ಹಾಕುತ್ತಾಳೆ.

ಎಷ್ಟು ಕಿಲೋಮೀಟರ್ ಬರುತ್ತೆ ಅನ್ನುವ ಎರಡನೇ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ. ಕಂಪನಿ ಹೇಳಿದ್ದರ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ನನಗೆ ಒಂದು ಚಾರ್ಜಿಗೆ 340ರಿಂದ 370 ಕಿ.ಮೀ. ಸಿಗುತ್ತಿದೆ. ಬೆಂಗಳೂರಿಗೆ ಹೋಗುವಾಗ ದಾರಿಯಲ್ಲಿ ಒಮ್ಮೆ ಊಟಕ್ಕೆ ನಿಲ್ಲಿಸಿದಾಗ ಚಾರ್ಜಿಗೆ ಹಾಕಿದರೆ ನೆಮ್ಮದಿ. ಮನೆಯಲ್ಲಿ ಪೂರ್ತಿ ತುಂಬಿಸಲು ಐನೂರು ರೂಪಾಯಿ ಒಳಗೆ ಮುಗಿಯುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಜನ ಕೇಳುವುದು, "ಹಾಗಾದರೆ ತಗೊಂಡು ತಪ್ಪು ಮಾಡಿದೆ ಅನ್ನಿಸುತ್ತಾ?" ಇಲ್ಲ. ಓಡಿಸುವ ಸುಖಕ್ಕೆ ಇದರ ಮುಂದೆ ನನ್ನ ಹಳೆ ಡೀಸೆಲ್ ಗಾಡಿ ಏನೂ ಅಲ್ಲ. ಆದರೆ ಇನ್ನೊಂದು ವರ್ಷ ಕಾದಿದ್ದರೆ ಇದೇ ಗಾಡಿ ಇನ್ನೂ ಹದವಾಗಿ ಸಿಗುತ್ತಿತ್ತು. ಹೊಸ ಮಾಡೆಲ್‌ನ ಮೊದಲ ಗಾಡಿಗಳು ಕಾವಲಿಯ ಮೊದಲ ದೋಸೆ ಇದ್ದ ಹಾಗೆ. ತಿನ್ನಬಹುದು, ಅಂಚು ಮಾತ್ರ ಹರಿದಿರುತ್ತದೆ. ಮನೆಯಲ್ಲಿ ಇದೊಂದೇ ಗಾಡಿ, ದಿನಾ ಬೆಳಿಗ್ಗೆ ಇದರಲ್ಲೇ ಆಸ್ಪತ್ರೆ ಡ್ಯೂಟಿಗೋ ಶಾಲೆಗೋ ಹೋಗಬೇಕು ಅನ್ನುವವರು ಕಾಯಿರಿ. ಸ್ಕೂಟರ್ ಇದೆ, ಸರ್ವಿಸ್ ಸೆಂಟರ್ ಹತ್ತಿರ ಇದೆ, ಸ್ವಲ್ಪ ತಾಳ್ಮೆಯೂ ಇದೆ ಅಂದರೆ ತಗೊಳ್ಳಿ.

ಮೊನ್ನೆ ಸಂಕ್ರಾಂತಿಗೆ ಮಾವ ಬಂದಿದ್ದರು. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ನೇರ ಗಾಡಿಯ ಹತ್ತಿರ ಹೋದರು. ಈ ಸಲ ಬಾಗಿಲು ಬಡಿಯಲಿಲ್ಲ. ಒಳಗೆ ಕೂತು, ಎಡಗಡೆ ಎ.ಸಿ. ಕಿಂಡಿಗೆ ಕಿವಿ ಕೊಟ್ಟು, "ಎಲ್ಲೋ, ಒಂದು ರೌಂಡ್ ಹೊಡಿ ನೋಡೋಣ" ಅಂದರು. ತೀರ್ಥಹಳ್ಳಿ ರಸ್ತೆಯಲ್ಲಿ ಆರು ಕಿಲೋಮೀಟರ್ ಹೋಗಿ ಬಂದೆವು. ಕಿರ್ ಅನ್ನಲೇ ಇಲ್ಲ. ಅವರನ್ನು ಬಸ್ ಹತ್ತಿಸಿ ಒಬ್ಬನೇ ವಾಪಸ್ ಬರುವಾಗ ಮೊದಲ ಹಂಪ್‌ನಲ್ಲೇ ಶುರುವಾಯಿತು.