ಗೋಡೆ ಹತ್ತಿ ಬಂದ ಹುಡುಗ

ನ್ಯೂಯಾರ್ಕಿನ ಫ್ರಿಕ್ ಕಲೆಕ್ಷನ್ ಎಂಬ ಕಲಾ ಸಂಗ್ರಹಾಲಯಕ್ಕೆ ಮಗಳು ಕರೆದುಕೊಂಡು ಹೋಗಿದ್ದಳು. ಉಕ್ಕಿನ ಉದ್ಯಮಿ ಹೆನ್ರಿ ಕ್ಲೇ ಫ್ರಿಕ್ ವಾಸವಿದ್ದ ಮನೆ ಅದು. ಚಿತ್ರಗಳಿರುವ ಕೋಣೆಗಳಲ್ಲಿ ಫೋಟೋ ತೆಗೆಯುವ ಹಾಗಿಲ್ಲ. ಫೋನು ಬ್ಯಾಗಿಗೆ ಹಾಕಿದೆ. ಒಳ್ಳೆಯದೇ ಆಯಿತು, ಸುಮ್ನೆ ನಿಂತು ನೋಡಲು ಆಯಿತು.

ಫ್ರಾನ್ಸಿನ ಕಲಾವಿದ ಫ್ರಾಗೊನಾರ್‌ನ ಚಿತ್ರಗಳಿರುವ ಕೋಣೆಗೆ ಹೋದಾಗ ಕಾಲು ಮುಂದೆ ಹೋಗಲಿಲ್ಲ. 10 ಅಡಿಗೂ ಎತ್ತರದ ಚಿತ್ರಗಳು. ಫ್ರಾನ್ಸಿನ 15ನೇ ಲೂಯಿ ದೊರೆಯ ಪ್ರೇಯಸಿ ಮದಾಮ್ ದು ಬಾರಿಯ ವಿಹಾರದ ಮನೆಗೆಂದು 1771–72ರ ಹೊತ್ತಿಗೆ ನಾಲ್ಕನ್ನು ಬರೆದಿದ್ದ. ಒಂದರಲ್ಲಿ ಹುಡುಗ ಗುಲಾಬಿ ಹಿಡಿದು ಬರುತ್ತಾನೆ, ಹುಡುಗಿ ಬೆಚ್ಚಿ ಓಡುತ್ತಾಳೆ. ಇನ್ನೊಂದರಲ್ಲಿ ಅವಳೇ ಅವನ ತಲೆಗೆ ಹೂವಿನ ಕಿರೀಟ ತೊಡಿಸುತ್ತಾಳೆ.

ಅವನ ಕಾಲದ ಈ ಚಿತ್ರಶೈಲಿಗೆ ರೊಕೊಕೊ ಅನ್ನುತ್ತಾರೆ. ರೊಕೊಕೊ ಅಂದರೆ ರೇಷ್ಮೆ, ಹೂವು, ತಿಳಿ ಬಣ್ಣ, ಅಷ್ಟೇ ಅಂದುಕೊಂಡಿದ್ದೆ. ‘ಭೇಟಿ’ ಎಂಬ ಚಿತ್ರ ನೋಡಿ ಆ ಮಾತು ವಾಪಸ್ ತೆಗೆದುಕೊಂಡೆ. ಹುಡುಗ ಏಣಿ ಹಾಕಿ ತೋಟದ ಗೋಡೆ ಹತ್ತಿದ್ದಾನೆ. ಅವಳು ಮಾತ್ರ ಅವನನ್ನು ನೋಡುತ್ತಲೇ ಇಲ್ಲ. ತಲೆ ಬೇರೆ ಕಡೆ ತಿರುಗಿದೆ. ಯಾರಾದರೂ ಬಂದರೇ? ತಿಪಟೂರಿನಲ್ಲಿ ನಾವು ಕಾಲೇಜಿಗೆ ಹೋಗುವಾಗ ನನ್ನ ಗೆಳತಿ ಚೀಟಿ ತೆಗೆದುಕೊಳ್ಳುತ್ತಿದ್ದದ್ದು ಹೀಗೆಯೇ. ಕೈ ಅವನ ಕಡೆ, ಕಣ್ಣು ರಸ್ತೆ ಕಡೆ. ಅವಳ ಕತ್ತು ತಿರುಗುತ್ತಿದ್ದ ರೀತಿಯನ್ನು ಫ್ರಾನ್ಸಿನವನೊಬ್ಬ ಎರಡು ಶತಮಾನ ಮೊದಲೇ ಬರೆದಿಟ್ಟಿದ್ದಾನಲ್ಲ ಅನ್ನಿಸಿ ಕಣ್ಣು ತುಂಬಿತು. ಪ್ರೀತಿಯ ಆ ಹೆದರಿಕೆಯನ್ನು ಇಷ್ಟು ಚೆನ್ನಾಗಿ ಹಿಡಿದ ಚಿತ್ರ ನಾನು ಇನ್ನೊಂದು ನೋಡಿಲ್ಲ.

ದು ಬಾರಿ ಇವನ್ನೆಲ್ಲ ವಾಪಸ್ ಕಳಿಸಿದಳಂತೆ! ಆ ಗೋಡೆಗಳಿಗೆ ವಿಯೆನ್ ಎಂಬ ಕಲಾವಿದನ ಗ್ರೀಕ್ ಮಾದರಿಯ ಚಿತ್ರಗಳು ಬಂದವು. ಕಾಲದ ರುಚಿ ಬದಲಾಗುತ್ತಿತ್ತು, ನಿಜ. ಆದರೂ ನನಗೆ ಸಂಕಟವಾಯಿತು. 1790ರಲ್ಲಿ ಫ್ರಾಗೊನಾರ್ ಅವನ್ನು ತನ್ನ ಹುಟ್ಟೂರು ಗ್ರಾಸ್‌ಗೆ ಒಯ್ದು, ಸಂಬಂಧಿಕರ ಮನೆಯಲ್ಲಿ ಹಾಕಿದ. ಅಲ್ಲಿಗೆಂದೇ ಇನ್ನೂ ಕೆಲವನ್ನು ಬರೆದ. ಫ್ರಿಕ್ ಕೊಂಡದ್ದು 1915ರಲ್ಲಿ.

ನಾಲ್ಕನೆಯದರಲ್ಲಿ ಇಬ್ಬರೂ ಒತ್ತಾಗಿ ಕೂತು ಹಳೆಯ ಕಾಗದ ಓದುತ್ತಾರೆ. ಪಕ್ಕದಲ್ಲೊಂದು ನಾಯಿ. ಓಟವೂ ಇಲ್ಲ, ಏಣಿಯೂ ಇಲ್ಲ. ಅದರ ಮುಂದೆ ಜಾಸ್ತಿ ಹೊತ್ತು ನಿಂತೆ.

ಹೊರಡುವಾಗ ಮಗಳು ಮತ್ತೆ ‘ಭೇಟಿ’ಯ ಹತ್ತಿರ ಎಳೆದುಕೊಂಡು ಹೋದಳು. “ಅಮ್ಮ, ಮೇಲೆ ನೋಡಿದ್ಯಾ?” ಅಂದಳು. ನಾನು ನೋಡಿರಲಿಲ್ಲ. ಹುಡುಗಿಯ ತಲೆಯ ಮೇಲೆ ಪ್ರೇಮದ ದೇವಿ ವೀನಸ್‌ಳ ಕಲ್ಲಿನ ಮೂರ್ತಿ. ಮಗ ಕ್ಯುಪಿಡ್ ಬಾಣ ಬೇಕು ಅಂತ ಹಟ ಹಿಡಿದಿದ್ದಾನೆ. ತಾಯಿ ಬತ್ತಳಿಕೆಯನ್ನು ಅವನ ಕೈಗೆ ಸಿಗದ ಹಾಗೆ ಹಿಡಿದುಕೊಂಡಿದ್ದಾಳೆ.