ಘಟ್ಟದ ಮೇಲಿನವ

ನಮ್ಮನೆ ಶಿರಸಿ ಪೇಟೆಯಿಂದ ಜಾಸ್ತಿ ದೂರ ಇಲ್ಲ. ಅಘನಾಶಿನಿ ಹುಟ್ಟೋದು ಶಿರಸಿಯ ಶಂಕರಹೊಂಡದಲ್ಲಿ ಅಂತ ಕೇಳ್ಕೊಂಡೇ ಬೆಳೆದಿದ್ದು, ಮನೆಗೆ ನೆಂಟರು ಬಂದಾಗೆಲ್ಲ ಉಂಚಳ್ಳಿ ಜಲಪಾತಕ್ಕೆ ಕರ್ಕೊಂಡು ಹೋಗಿ 116 ಮೀಟರ್ ಮೇಲಿಂದ ಬೀಳ್ತದೆ ನೋಡಿ ಅಂತ ಗೈಡ್ ಥರ ಹೇಳಿ ಹೇಳಿ ಸಾಕಾಗಿದೆ. ಆದ್ರೆ ಅದೇ ಹೊಳೆ ಸಮುದ್ರ ಸೇರೋ ಜಾಗನ 34 ವರ್ಷ ಆದ್ರೂ ನೋಡಿರಲಿಲ್ಲ. ಹಿಮಾಲಯಕ್ಕೆ ಹೋಗಿ ಬಂದಿದ್ದೆ ಮಾರಾಯ್ರೆ, ಕುಮಟಾ ಹತ್ರದ ಅಘನಾಶಿನಿ ಊರಿಗೆ ಹೋಗಿರಲಿಲ್ಲ. ಗೋಕರ್ಣಕ್ಕೆ ಎಷ್ಟು ಸಲ ಹೋದ್ರೂ ದೇವಸ್ಥಾನ, ಬೀಚು, ವಾಪಸ್, ಅಷ್ಟೇ.

ಹೋದ ಫೆಬ್ರವರಿಲಿ ಒಂದಿನ ರಜೆ ಇತ್ತು, ಹೊರಟೆ. ಆಯಿ "ಅಲ್ಲಿ ಎಂತ ಇದ್ದು ನೋಡಲೆ?" ಅಂದ್ಳು, ಅಂದು ಮೊಸರನ್ನ ಕಟ್ಟಿ ಮೇಲಿಂದ ಒಂದು ಸಣ್ಣ ಬಾಟ್ಲಿ ಅಪ್ಪೆಮಿಡಿನೂ ಇಟ್ಳು. ಬೈಕಲ್ಲಿ ಹೋಗ್ಬಹುದಿತ್ತು, ಬಸ್ಸಲ್ಲೇ ಹೋಗ್ಬೇಕು ಅನಿಸ್ತು. ಬೈಕಲ್ಲಿ ಹೋದ್ರೆ ನಾನು ಯಾರ ಹತ್ರನೂ ಮಾತಾಡಲ್ಲ, ಹೆಲ್ಮೆಟ್ ಒಳಗೇ ಹೋಗಿ ಹೆಲ್ಮೆಟ್ ಒಳಗೇ ಬರ್ತೀನಿ.

ರಾಗಿಹೊಸಳ್ಳಿ ದಾಟಿ ದೇವಿಮನೆ ಘಾಟಿ ಇಳಿಯೋಕೆ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಬಸ್ ಕೈಕೊಟ್ತು. ಡ್ರೈವರ್ ಇಳಿದು ಕೆಳಗೆ ಬಗ್ಗಿ ನೋಡಿ ಫೋನ್ ಹಚ್ಚಿದ್ರೆ ಸಿಗ್ನಲ್ಲೂ ಇಲ್ಲ. ಎಲ್ಲಾ ಇಳಿದ್ವಿ. ರಸ್ತೆ ಅಗಲ ಮಾಡೋಕೆ ಅಂತ ಗುಡ್ಡ ಕಡಿದ ಕೆಂಪು ಮಣ್ಣು ಒಂದ್ಕಡೆ, ಇನ್ನೊಂದ್ಕಡೆ ಕಣಿವೆ, ಒಂದು ಲಾರಿ ಹೋದ್ರೆ ಮೈಯೆಲ್ಲಾ ಧೂಳು. ನನ್ನ ಪಕ್ಕ ಕೂತಿದ್ದ ಒಬ್ರು ಅಜ್ಜ, ಎಂಬತ್ತರ ಹತ್ರ ಇರ್ಬಹುದು, ಕುಮಟೆಯಲ್ಲಿರೋ ಮಗಳ ಮನೆಗೆ ಹೊರಟವರು, ಕಲ್ಲಿನ ಮೇಲೆ ಟವೆಲ್ ಹಾಸಿ ಕೂತು ಕವಳ ಹಾಕೋಕೆ ಶುರು ಮಾಡಿದ್ರು, ಬಸ್ ಹಾಳಾಗೋದು ಟೈಮ್ ಟೇಬಲ್ಲಲ್ಲೇ ಇದೆಯೇನೋ ಅನ್ನೋ ಹಾಗೆ.

"ಯಾರ ಮನೆ ಆತು?" ಅಂದ್ರು. ಹೇಳ್ದೆ. ಅಪ್ಪನ ಹೆಸರು ಹೇಳೋಷ್ಟರಲ್ಲಿ ನಮ್ಮ ಅಜ್ಜನ ತಂಗಿನ ಎಲ್ಲಿಗೆ ಕೊಟ್ಟಿದ್ದು ಅಂತ ಅವರೇ ನಂಗೆ ಹೇಳಿದ್ರು. ಇದು ನಮ್ಮ ಕಡೆ ಮಾಮೂಲು, ಎರಡು ನಿಮಿಷದಲ್ಲಿ ಸಂಬಂಧ ಹುಡುಕಿ ಕೈಗೆ ಕೊಡ್ತಾರೆ. ಮತ್ತೆ ಅವರಪ್ಪ ಎತ್ತಿನ ಗಾಡಿಯಲ್ಲಿ ಇದೇ ಘಟ್ಟ ಇಳೀತಿದ್ದಿದ್ದು ಹೇಳಿದ್ರು. ಅಡಿಕೆ, ಕಾಳುಮೆಣಸು ಹೇರ್ಕೊಂಡು ಕುಮಟೆಗೆ ಇಳಿಯೋದು, ಬರೋವಾಗ ಉಪ್ಪು ಹೇರ್ಕೊಂಡು ಬರೋದು. ರಾತ್ರಿ ಗಾಡಿ ಅಡಿಗೆ ಲಾಟೀನು ಕಟ್ಟಿ ನಾಲ್ಕೈದು ಗಾಡಿ ಸೇರಿಯೇ ಹೊರಡ್ತಿದ್ರಂತೆ, ಒಂಟಿ ಗಾಡಿ ಹೊರಡೋ ಹಾಗೇ ಇಲ್ಲ, ಹುಲಿ ಹೆದರಿಕೆ. "ಉಪ್ಪಿಗೇಯ ಇಳೀತಿದ್ದಿದ್ದು ತಮಾ, ಉಳಿದಿದ್ದೆಲ್ಲ ಮನೇಲೇ ಇತ್ತು" ಅಂದ್ರು. ನಾನು ಉಪ್ಪನ್ನ ಯಾವತ್ತೂ ಅಷ್ಟು ದೊಡ್ಡದಾಗಿ ಯೋಚನೆ ಮಾಡಿದ್ದೇ ಇಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಗಿದ್ದು ಸ್ಕೂಲಲ್ಲಿ ಓದಿದ್ದೆ, ಎರಡು ಮಾರ್ಕ್ಸಿನ ಪ್ರಶ್ನೆ, ಅಷ್ಟೇ.

ಹಿಂದಿನ ಬಸ್ ಬಂದು ಎಲ್ಲರನ್ನೂ ತುಂಬ್ಕೊಂಡು ಕತಗಾಲ ದಾಟಿ ಕುಮಟೆ ಮುಟ್ಟೋಷ್ಟರಲ್ಲಿ ಹನ್ನೆರಡೂವರೆ. ಅಜ್ಜ ಇಳಿದು ತಿರುಗಿ ನೋಡದೇ ಹೋದ್ರು. ಒಂದು ಆಟೋ ಹಿಡಿದು ಬಾಡದ ಮೇಲೆ ಅಘನಾಶಿನಿ ಊರಿಗೆ ಹೋದೆ, ಹೊಳೆ ದಾಟಿಸೋ ಬಾರ್ಜ್ ಆಗಷ್ಟೇ ಬಿಟ್ಟು ಆಚೆ ದಡದ ತದಡಿ ಕಡೆ ಹೋಗ್ತಾ ಇತ್ತು.

ಹೊಳೆ ನೋಡಿ ಒಂಥರಾ ಆಯ್ತು. ನಮ್ಮೂರಲ್ಲಿ ಬೇಸಿಗೇಲಿ ಪ್ಯಾಂಟ್ ಮಡಚ್ಕೊಂಡು ದಾಟೋ ಹೊಳೆ ಇಲ್ಲಿ ಆಚೆ ದಡದ ಮನೆ ಬೆಂಕಿಪೆಟ್ಟಿಗೆ ಥರ ಕಾಣೋಷ್ಟು ಅಗಲ. ಕಾಳಿಗೆ ಸೂಪಾ, ಕದ್ರಾ ಅಂತ ಸಾಲು ಅಣೆಕಟ್ಟು, ಶರಾವತಿಗೆ ಲಿಂಗನಮಕ್ಕಿ. ಇದಕ್ಕೆ ಮಾತ್ರ ಒಂದೂ ದೊಡ್ಡ ಅಣೆಕಟ್ಟು ಇಲ್ಲ, ಘಟ್ಟದಲ್ಲಿ ಬಿದ್ದ ನೀರು ಬಿದ್ದ ಹಾಗೇ ಇಲ್ಲಿಗೆ ಬಂದು ಮುಟ್ತದೆ. ಇಳಿತದ ಹೊತ್ತು, ಹೊಳೆ ನಡುವೆ ಸೊಂಟದವರೆಗಿನ ನೀರಲ್ಲಿ ಒಂದಷ್ಟು ಹೆಂಗಸರು ಗಂಡಸರು ನಿಂತ್ಕೊಂಡು ಕಾಲಲ್ಲೇ ತಡಕಿ ಬಳಚು, ಅಂದ್ರೆ ಚಿಪ್ಪಿಮೀನು, ಹೆಕ್ಕಿ ಪಕ್ಕದಲ್ಲಿರೋ ಸಣ್ಣ ದೋಣಿಗೆ ತುಂಬ್ತಾ ಇದ್ರು.

ನೆರಳಿಲ್ಲ. ದಡದ ಹತ್ರ ಒಂದು ಮನೆ ಜಗುಲಿ, ಅಂಗಳದಲ್ಲಿ ಒಬ್ಬ ಅಮ್ಮ ಬೇಯಿಸಿದ ಬಳಚಿನ ಚಿಪ್ಪು ಬಿಡಿಸ್ತಾ ಕೂತಿದ್ರು. "ಬಿಸ್ಲಲ್ಲಿ ಎಂತಕ್ಕೆ ನಿಂತ್ಕಂಡ್ರಿ, ಬನ್ನಿ, ಬಾರ್ಜ್ ಬರುಕೆ ಹೊತ್ತದೆ" ಅಂದ್ರು. ಹೋಗಿ ಕೂತೆ. "ಯಾವೂರಾಯ್ತು ತಮಾ?" ಶಿರಸಿ ಅಂದೆ. "ಹೋ, ಘಟ್ಟದ ಮೇಲ್ನವ್ರು!" ಅಷ್ಟೇ. ಯಾರ ಮನೆ, ಯಾರ ಮಗ ಏನೂ ಬೇಡ. ಬೆಳಿಗ್ಗೆಯಿಂದ ಹೊತ್ಕೊಂಡು ಬಂದಿದ್ದ ಅಜ್ಜ, ಮುತ್ತಜ್ಜ, ಅಜ್ಜನ ತಂಗಿ ಎಲ್ಲರನ್ನೂ ಆ ಜಗುಲಿ ಮೆಟ್ಲಲ್ಲಿ ಇಳಿಸಿದ ಹಾಗೆ ಹಗುರ ಆಯ್ತು ನಿಜವಾಗ್ಲೂ.

ಆದ್ರೆ ಪೂರ್ತಿ ಇಳಿದಿರಲಿಲ್ಲ. ಚಾ ಮಾಡ್ತೇನೆ ಅಂತ ಎದ್ದವರು ಬಾಗ್ಲಲ್ಲೇ ನಿಂತು, "ಕುಡೀತ್ರಲ್ಲ ನಮ್ಮನೆಲಿ?" ಅಂತ ಕೇಳಿದ್ರು. ಬೇಜಾರಿಂದ ಕೇಳಿದ್ದಲ್ಲ, ಚುಚ್ಚಿ ಕೇಳಿದ್ದೂ ಅಲ್ಲ, ಸಕ್ಕರೆ ಎಷ್ಟು ಹಾಕ್ಲಿ ಅಂದ ಹಾಗೆ ಕೇಳಿದ್ದು. ನಂಗೆ ಮುಖ ಎಲ್ಲಿಡೋದು ಗೊತ್ತಾಗಲಿಲ್ಲ. ನನ್ನ ಹೆಗಲ ಮೇಲೆ ಶರ್ಟಿನೊಳಗೆ ಏನಿದೆ ಅಂತ ಆಕೆಗೆ ಹೇಗೋ ಗೊತ್ತಾಗಿತ್ತು, ಬಹುಶಃ ಬಳಚಿನ ವಾಸನೆಗೆ ನಾನು ಮೂಗು ಸ್ವಲ್ಪ ಸಣ್ಣ ಮಾಡಿದ್ದು ಕಂಡಿರಬೇಕು. "ಕುಡೀತೇನೆ ಅಮಾ" ಅಂತ ಸ್ವಲ್ಪ ಜೋರಾಗೇ ಹೇಳ್ದೆ, ಹಾಗೆ ಜೋರಾಗಿ ಹೇಳಿದ್ದಕ್ಕೂ ಆಮೇಲೆ ನಾಚಿಕೆ ಆಯ್ತು.

ಕರಿ ಚಾ, ಶುಂಠಿ ಹಾಕಿದ್ದು. ನಾನು ಮೊಸರನ್ನ ಬಿಚ್ಚಿದೆ, ಆಕೆ ಒಂದು ತಟ್ಟೆ ತಂದಿಟ್ರು, ನಾನು ಮಿಡಿ ಬಾಟ್ಲಿ ಮುಂದೆ ತಳ್ಳಿದೆ. ಒಂದು ಮಿಡಿ ಕಚ್ಚಿ ಕಣ್ಣು ಮುಚ್ಕೊಂಡು "ಪರಿಮಳ ಅಂದ್ರೆ ಇದು" ಅಂದ್ರು. ಆಮೇಲೆ ಮಾತು ಎಲ್ಲೆಲ್ಲೋ ಹೋಯ್ತು. ಬಳಚು ಮೊದಲಿನಷ್ಟು ಸಿಗೋದಿಲ್ಲ, ಸಣ್ಣ ಮರಿನೂ ಬಿಡದೇ ಬಾಚ್ತಾರೆ ಅಂತ ಬೈದ್ರು. ತವರುಮನೆಯ ಗಜನಿಲಿ, ಅಂದ್ರೆ ಹೊಳೆ ಪಕ್ಕದ ಉಪ್ಪುನೀರಿನ ಗದ್ದೇಲಿ, ಕಗ್ಗ ಭತ್ತ ಬೆಳೀತಿದ್ರಂತೆ, ಉಪ್ಪುನೀರು ನುಗ್ಗಿದ್ರೂ ಸಾಯದ ಭತ್ತ, ಈಗ ಅಲ್ಲಿ ಬರೀ ಸಿಗಡಿ. ನಾನು ದೊಡ್ಡ ಜಾಣನ ಥರ, 2024ರಲ್ಲಿ ಈ ಅಳಿವೆಗೆ ಮಹತ್ವದ ಜೌಗು ಪ್ರದೇಶ ಅಂತ ರಾಮ್ಸಾರ್ ಪಟ್ಟ ಸಿಕ್ಕಿದೆ, 4801 ಹೆಕ್ಟೇರು, ಇಡೀ ಪ್ರಪಂಚದ ಲಿಸ್ಟಲ್ಲಿ ನಿಮ್ಮ ಹೊಳೆ ಇದೆ ಅಂದೆ. ಆಕೆ ಚಿಪ್ಪು ಬಿಡಿಸ್ತಾನೇ "ಅದ್ರಿಂದ ಬಳಚು ಜಾಸ್ತಿ ಆಗ್ತದ್ಯಾ?" ಅಂದ್ರು. ನಾನು ಬಾಯಿ ಮುಚ್ಕೊಂಡು ಮೊಸರನ್ನ ತಿಂದೆ.

ಆಕೆಯ ಕೈ ಮಾತ್ರ ಒಂದು ಕ್ಷಣನೂ ನಿಂತಿರಲಿಲ್ಲ. ಬಾಯಿ ತೆರೆದ ಬಳಚಿನೊಳಗೆ ಹೆಬ್ಬೆರಳ ಉಗುರು ಹಾಕಿ ಒಂದು ತಿರುವು, ಮಾಂಸ ಈ ಬುಟ್ಟಿಗೆ, ಚಿಪ್ಪು ಆ ರಾಶಿಗೆ. ಆ ಬೆರಳಿನ ಉಗುರು ಅರ್ಧ ಸವೆದು ಹೋಗಿತ್ತು. ಅಡಿಕೆ ಸುಲಿಯೋ ನಮ್ಮ ಕಡೆಯವರ ಹೆಬ್ಬೆರಳೂ ಹೀಗೇ ಇರ್ತದೆ.

ಬಾರ್ಜ್ ಬಂತು. ಹೊರಡೋವಾಗ ಬಾಟ್ಲಿ ಅಲ್ಲೇ ಬಿಟ್ಟೆ. ಆಕೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹರಳುಪ್ಪು ತಂದ್ರು, ಎರಡು ಕೇಜಿ ಮೇಲೇ ಇತ್ತು, ಸಾಣಿಕಟ್ಟೆಯ ಉಪ್ಪಿನ ಆಗರದ್ದು, ತಂಗಿ ಮನೆ ಅಲ್ಲೇ ಅಂತೆ. "ಅಮ್ಮಂಗೆ ಕೊಡಿ, ಮಿಡಿ ಹಾಕುಕೆ ಇದೇ ಸೈ." ದುಡ್ಡು ತೆಗೆದ್ರೆ ಕೈ ಹಿಂದೆ ಕಟ್ಕೊಂಡ್ರು.

ಗೋಕರ್ಣಕ್ಕೆ ಹೋದೆ, ಬಸ್ ಹಿಡಿದೆ, ಹೇಳೋವಂಥದ್ದು ಏನಿಲ್ಲ. ರಾತ್ರಿ ಮನೆ ಮುಟ್ಟಿ ಬ್ಯಾಗ್ ತೆಗೆದ್ರೆ ಕೊಟ್ಟೆ ತೂತಾಗಿ ಉಪ್ಪು ನೀರಿಳಿದು ಚಾರ್ಜರು, ಟವೆಲ್ಲು ಎಲ್ಲಾ ಅಂಟು. ಆಯಿ ಉಪ್ಪು ಕೈಗೆ ತಗೊಂಡು ನೋಡಿ "ಯಾರ ಮನೆಯಡ?" ಅಂದ್ಳು. ಆ ಪ್ರಶ್ನೆಗೆ ನಮ್ಮನೇಲಿ ಏನರ್ಥ ಅಂತ ನಂಗೂ ಗೊತ್ತು ಅವಳಿಗೂ ಗೊತ್ತು. ಬಳಚು ಬಿಡಿಸೋವ್ರ ಮನೆ ಅಂದೆ, ಚಾ ಕುಡಿದೆ ಅಂತನೂ ಹೇಳ್ದೆ. ಹೆಸರು ಕೇಳಿದ್ಳು, ಅದನ್ನ ನಾನು ಕೇಳೇ ಇರಲಿಲ್ಲ.

ಆಯಿ ಮತ್ತೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹಾಳೆ ಮೇಲೆ ಉಪ್ಪು ಒಣಗ್ತಾ ಇತ್ತು, ಕಾಗೆ ಬರದ ಹಾಗೆ ಮೇಲೆ ಬಲೆ ಬೇರೆ, ಉಪ್ಪಿಗೆ ಕಾಗೆ ಯಾಕೆ ಬರ್ತದೋ ದೇವರಿಗೇ ಗೊತ್ತು. ಮಾರ್ಚಲ್ಲಿ ಮಿಡಿ ಬಂದಾಗ ಅದೇ ಉಪ್ಪು ಭರಣಿಗೆ ಬಿತ್ತು. ನನ್ನ ಬ್ಯಾಗಿನ ಜಿಪ್ಪು ಮಾತ್ರ ತುಕ್ಕು ಹಿಡಿದು ಈಗ್ಲೂ ಅರ್ಧಕ್ಕೇ ನಿಲ್ತದೆ.